ದಿನದ ಪಾಲು, ನಡುರಾತ್ರಿಯ ನಷ್ಟ

ಮೊಬೈಲ್ ಕಂಪೆನಿಗಳು ತಮ್ಮ ದರಪಟ್ಟಿಯನ್ನು ತಿದ್ದಿದಾಗಲೆಲ್ಲ ಅದರ ಬೆನ್ನಿಗೇ ಒಂದು ಸಮಾಧಾನವೂ ಹೊರಡುವುದು ವಾಡಿಕೆಯಾಗಿದೆ. ಜನರ ಬಳಕೆ ಬದಲಾಗಿದೆ. ಹಿಂದೆ ಮಾತಿಗೆ ಮಾತ್ರ ಬೇಕಾಗಿದ್ದ ಫೋನು ಈಗ ಪಾಠಕ್ಕೂ ವ್ಯಾಪಾರಕ್ಕೂ ವಿನೋದಕ್ಕೂ ಬೇಕಾಗಿದೆ. ಆದುದರಿಂದ ದರವೂ ಬಳಕೆಯನ್ನು ಅನುಸರಿಸಿ ಬದಲಾಗಬೇಕು ಎಂಬುದೇ ಆ ಸಮಾಧಾನ. ಕೇಳಲಿಕ್ಕೆ ನ್ಯಾಯವಾದ ಮಾತೇ ಸರಿ. ಆದರೆ ಬಳಕೆಯ ಹಿಂದೆ ದರವು ನಡೆದು ಬಂದಿದೆಯೋ, ದರದ ಹಿಂದೆ ಬಳಕೆಯನ್ನು ನಡೆಯಿಸಿಕೊಂಡು ಬರಲಾಗಿದೆಯೋ ಎಂದು ಕೇಳಿದವರು ಕಡಿಮೆ. 2024ರ ಜುಲೈಯ ದರವೃದ್ಧಿಯೂ, 2025ರ ಆಗಸ್ಟಿನಲ್ಲಿ ಹೆಚ್ಚು ಸದ್ದಿಲ್ಲದೆ ನಡೆದ ಮತ್ತೊಂದು ಮಾರ್ಪಾಡೂ ಈ ಪ್ರಶ್ನೆಯನ್ನು ಮಂಗಳೂರಿನಂತಹ ಪಟ್ಟಣದ ಬಾಗಿಲಿಗೇ ತಂದಿರುವುದರಿಂದ ನಾವು ಇಂದು ಅದನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಹಿಂದಿನ ಸಂಗತಿಯನ್ನು ಸ್ವಲ್ಪ ನೆನೆದುಕೊಳ್ಳುವುದೊಳಿತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮದವರು ಅಂತರಜಾಲವನ್ನು ಸಾರ್ವಜನಿಕರಿಗೆ ತೆರೆದಾಗ ಮಾರಾಟವಾದ ಸರಕು ಡೇಟಾ ಅಲ್ಲ, ಹೊತ್ತು. ಇಷ್ಟು ರೂಪಾಯಿಗೆ ಇಷ್ಟು ಗಂಟೆ ಎಂಬುದೇ ಕರಾರು. ದಾರಿಯು ದೂರವಾಣಿಯ ತಂತಿಯೇ ಆದುದರಿಂದ ಆ ಬಿಲ್ಲು ಬೇರೆ ಏರುತ್ತಿತ್ತು. ಅಂದಿನ ಬಳಕೆದಾರನು ಕಾಗದವನ್ನು ಮೊದಲು ಬರೆದು ಮುಗಿಸಿ ಆಮೇಲೆ ಸಂಪರ್ಕ ಹಿಡಿಯುತ್ತಿದ್ದನು; ಬಂದ ಕಾಗದವನ್ನು ಇಳಿಸಿಕೊಂಡು, ಸಂಪರ್ಕವನ್ನು ಕಡಿದು, ಬಳಿಕ ನಿಧಾನವಾಗಿ ಓದುತ್ತಿದ್ದನು. 1998ರಲ್ಲಿ ಖಾಸಗಿಯವರಿಗೂ ಈ ವ್ಯವಹಾರವು ತೆರೆದ ತರುವಾಯ ನಮ್ಮ ಪಟ್ಟಣದ ಬೀದಿಬೀದಿಗಳಲ್ಲಿ ಸೈಬರ್ ಕೆಫೆಗಳು ಹುಟ್ಟಿಕೊಂಡವು. ಗಲ್ಫಿನಲ್ಲಿದ್ದ ಮಗನಿಗೆ ನಾಲ್ಕು ಸಾಲು ಬರೆಯಿಸಲು ಬಂದ ತಾಯಂದಿರು ಅಲ್ಲಿಯ ಗೋಡೆಯ ಗಡಿಯಾರವನ್ನು ನೋಡಿ ನೋಡಿ ಮಾತು ಮೊಟಕುಗೊಳಿಸುತ್ತಿದ್ದುದು ನಮ್ಮ ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ಅದಕ್ಕೂ ಮೊದಲು ಮುಂಬಯಿಯ ನಂಟರೊಡನೆ ಮಾತನಾಡಲು ತಡರಾತ್ರಿಯ ಕಾಲು ದರಕ್ಕಾಗಿ ಎಸ್‌ಟಿಡಿ ಬೂತುಗಳ ಎದುರು ಸಾಲುಗಟ್ಟಿ ನಿಂತವರು ಇದೇ ಮಂದಿ. ಜನರು ದರವನ್ನು ನೋಡಿಯೇ ತಮ್ಮ ನಡೆಯನ್ನು ತಿದ್ದಿಕೊಳ್ಳುವರೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನವರು ಡೇಟಾವನ್ ಎಂಬ ಹೆಸರಿನಿಂದ ಬ್ರಾಡ್‌ಬ್ಯಾಂಡನ್ನು ಮನೆಮನೆಗೆ ತಂದಾಗ ಗಂಟೆಯ ಲೆಕ್ಕವು ಹಿಂದೆ ಸರಿದು ತೂಕದ ಲೆಕ್ಕವು ಮುಂದೆ ಬಂದಿತು. ತಿಂಗಳಿಗೆ ಇಷ್ಟು ಎಂಬಿ ಅಥವಾ ಜಿಬಿ; ಮೀರಿದರೆ ಪ್ರತ್ಯೇಕ ದಂಡ. ಆದರೆ ಬೆಳಗಿನ ಜಾವ 2 ಗಂಟೆಯಿಂದ 8 ಗಂಟೆಯ ತನಕ ಅಳತೆಯಿಲ್ಲದೆ ಬಳಸಬಹುದೆಂಬ ಸೌಕರ್ಯವು ಕೆಲವು ಪ್ಲಾನುಗಳಲ್ಲಿತ್ತು. ಕಾಲೇಜು ಹುಡುಗರು ಅಲಾರಾಂ ಇಟ್ಟು ಎದ್ದು ಸಿನೆಮಾಗಳನ್ನು ಇಳಿಸಿಕೊಳ್ಳುತ್ತಿದ್ದರು. ತಂದೆಯವರು ಮಗನು ಓದಲು ಎದ್ದನೆಂದು ತೃಪ್ತಿಪಡುತ್ತಿದ್ದರು. ಈ ಸೌಕರ್ಯವನ್ನು ನಾವು ವಿನೋದಕ್ಕಾಗಿ ಮಾತ್ರ ನೆನೆಯುತ್ತಿಲ್ಲ. ಅದರ ಹಿಂದೆ ಒಂದು ನಿಜವಾದ ಲೆಕ್ಕವಿತ್ತು. ಜಾಲದ ಖರ್ಚು ಹುಟ್ಟುವುದು ಎಲ್ಲರೂ ಒಮ್ಮೆಲೆ ಬಳಸುವ ಹೊತ್ತಿನಲ್ಲಿ. ರಾತ್ರಿ ಎಂಟರಿಂದ ಹನ್ನೊಂದರ ನಡುವಣ ನೂಕುನುಗ್ಗಲನ್ನು ತಾಳುವಂತೆ ಟವರನ್ನೂ ತಂತಿಯನ್ನೂ ಕಟ್ಟಬೇಕು. ಹಾಗೆ ಕಟ್ಟಿದ ಮೇಲೆ ನಡುರಾತ್ರಿ ಕಳೆದು ಮೂರು ಗಂಟೆಗೆ ಒಬ್ಬನು ಹತ್ತು ಜಿಬಿ ಹೆಚ್ಚು ಬಳಸಿದರೂ ಕಂಪೆನಿಗೆ ತಗಲುವ ವೆಚ್ಚ ಇಲ್ಲವೆನ್ನುವಷ್ಟು ಅಲ್ಪ. ತಡರಾತ್ರಿಯ ಕಾಲು ದರವೂ ಡೇಟಾವನ್‌ನ ಬೆಳಗಿನ ಜಾವವೂ ಈ ತತ್ತ್ವದ ಮೇಲೆ ನಿಂತಿದ್ದವು.

ಮನೆಯ ತಂತಿಯ ವಿಷಯದಲ್ಲಿ ಅಲ್ಲಿಂದ ಮುಂದಿನ ನಡೆ ಬಹುಮಟ್ಟಿಗೆ ಗ್ರಾಹಕನಿಗೆ ಅನುಕೂಲವಾಗಿಯೇ ಆಯಿತು. ಅಳತೆ ಮೀರಿದ ಮೇಲೆ ವೇಗವನ್ನು ಹೇಗೆಂದರೆ ಹಾಗೆ ಇಳಿಸುತ್ತಿದ್ದವರಿಗೆ, 512 ಕೆಬಿಪಿಎಸ್‌ಗಿಂತ ಕೆಳಗೆ ಇಳಿಸಕೂಡದೆಂದು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಅಂದರೆ ಟ್ರಾಯ್, 2016ರಲ್ಲಿ ಕಟ್ಟಪ್ಪಣೆ ಮಾಡಿತು. 2020ರ ಹೊತ್ತಿಗೆ ಫೈಬರ್ ಸಂಪರ್ಕಗಳಲ್ಲಿ ತೂಕದ ಲೆಕ್ಕವೇ ಹೆಚ್ಚುಕಡಿಮೆ ಕರಗಿ, ವೇಗದ ಲೆಕ್ಕವು ಅದರ ಸ್ಥಾನಕ್ಕೆ ಬಂದಿತು. ಜಿಯೋದವರ ರೂ. 399ರ ಪ್ಲಾನಿನಲ್ಲಾಗಲಿ ಬಿಎಸ್‌ಎನ್‌ಎಲ್‌ನ ರೂ. 449ರ ಪ್ಲಾನಿನಲ್ಲಾಗಲಿ 30 ಎಂಬಿಪಿಎಸ್ ವೇಗದಲ್ಲಿ ಸಾಧಾರಣ ಕುಟುಂಬವೊಂದು ತಿಂಗಳಿಡೀ ಪ್ರಯತ್ನಿಸಿದರೂ ತೀರಿಸಲಾಗದಷ್ಟು ಡೇಟಾವಿತ್ತು. ಇದರ ಬಗ್ಗೆ ನಮಗೆ ಹೆಚ್ಚಿನ ದೂರಿಲ್ಲ. ಆದರೆ ಮನೆಗೆ ಫೈಬರ್ ಹಾಕಿಸಿಕೊಂಡವರು ಸ್ಥಿತಿವಂತರು, ಇಲ್ಲವೆ ಸ್ಥಿರವಾಸಿಗಳು. ಬಾಡಿಗೆಯ ಕೋಣೆಯವನಿಗೆ, ಕೂಲಿಗೆ ಬಂದವನಿಗೆ, ಬೀದಿಯಲ್ಲಿ ಮಾರುವವನಿಗೆ ಕೈಯ ಫೋನೊಂದೇ ಗತಿ. ನಮ್ಮ ಮಾತು ಅದರ ಕುರಿತು.

ಮೊಬೈಲ್ ಡೇಟಾದ ಬೆಲೆ ಕುಸಿದ ಬಗೆಯು ಆಶ್ಚರ್ಯಕರವೇ. ಟ್ರಾಯ್‌ನವರ ಲೆಕ್ಕದಂತೆ 2014ರಲ್ಲಿ ಒಂದು ಜಿಬಿಗೆ ಸರಾಸರಿ ಸುಮಾರು ರೂ. 269 ಬರುತ್ತಿದ್ದುದು 2018ರಲ್ಲಿ ರೂ. 11.78ಕ್ಕೆ ಇಳಿಯಿತು. 2014ರಲ್ಲಿ ತಿಂಗಳಿಗೆ ಕಾಲು ಜಿಬಿಯ ಆಸುಪಾಸಿನಲ್ಲಿದ್ದ ಒಬ್ಬನ ಸರಾಸರಿ ಬಳಕೆ ನಾಲ್ಕು ವರ್ಷಗಳಲ್ಲಿ ಏಳು ಜಿಬಿಯನ್ನು ದಾಟಿ, 2024ರ ವೇಳೆಗೆ ಇಪ್ಪತ್ತು ಜಿಬಿಯನ್ನು ಮೀರಿತು. 2016ರ ಸೆಪ್ಟೆಂಬರ್ 5ರಂದು ಜಿಯೋ ಕಂಪೆನಿಯವರು ಉಚಿತವಾಗಿ ಹಂಚತೊಡಗಿದುದು ಇದರ ಮುಖ್ಯ ಕಾರಣ. ಆ ಉಚಿತ ಹಂಚಿಕೆಯು 2017ರ ಮಾರ್ಚಿನ ತನಕ ನಡೆಯಿತು. ಮಾರಾಟವು ಆರಂಭವಾದಾಗ ಅದು ಹೊಸದೊಂದು ಅಳತೆಯೊಂದಿಗೆ ಬಂದಿತು: ರೂ. 309ಕ್ಕೆ 84 ದಿನ, ದಿನಕ್ಕೆ ಒಂದು ಜಿಬಿ. ತಿಂಗಳ ಮೊತ್ತವಲ್ಲ, ದಿನದ ಪಾಲು. ಇತರ ಕಂಪೆನಿಗಳೂ ಬೇಗನೆ ಅದೇ ಅಳತೆಗೋಲನ್ನು ಹಿಡಿದವು. ಅಂದಿನಿಂದ ನಮ್ಮಲ್ಲಿ ಡೇಟಾ ಎಂದರೆ 'ದಿನಕ್ಕೆ ಎಷ್ಟು' ಎಂದೇ ಕೇಳುವ ರೂಢಿಯಾಯಿತು. ಉಳಿದುದು ನಡುರಾತ್ರಿ ಹನ್ನೆರಡಕ್ಕೆ ಮಡಿಯುತ್ತದೆ. ಮರುದಿನ ಹೊಸ ಪಾಲು.

ಇಲ್ಲಿಯೇ ನಮ್ಮ ಆಕ್ಷೇಪಣೆಯ ಬೇರು ಇದೆ. ಉಳಿಸಿದರೆ ಕಳೆದುಹೋಗುವ ವಸ್ತುವನ್ನು ಯಾರೂ ಉಳಿಸುವುದಿಲ್ಲ. ರಾತ್ರಿ ಹನ್ನೊಂದಕ್ಕೆ 'ಇನ್ನೂ ಅರ್ಧ ಜಿಬಿ ಇದೆ' ಎಂದು ಬೇಡದ ಚಿತ್ರವನ್ನು ನೋಡುತ್ತ ಕೂರುವ ಹುಡುಗನನ್ನು ನಮ್ಮ ವಾಚಕರು ತಮ್ಮ ಮನೆಯಲ್ಲಿಯೇ ಕಾಣಬಹುದು. ಅವನ ಬಳಕೆಯು ಅವನ ಅಗತ್ಯದಿಂದ ಬೆಳೆದುದಲ್ಲ, ದರದ ರಚನೆಯಿಂದ ಬೆಳೆದುದು. ಬಳಿಕ ಆ ಬೆಳೆದ ಬಳಕೆಯನ್ನೇ ಆಧಾರವಾಗಿಟ್ಟು, ಜನರಿಗೆ ಒಂದು ಜಿಬಿ ಸಾಲದಾಗಿದೆ, ಒಂದೂವರೆ ಬೇಕು, ಎರಡು ಬೇಕು ಎಂದು ಕೆಳಗಿನ ಮೆಟ್ಟಿಲನ್ನು ಕಿತ್ತುಹಾಕಲಾಗುವುದು. 2025ರ ಆಗಸ್ಟಿನಲ್ಲಿ ನಡೆದುದು ಇದೇ. ದಿನಕ್ಕೆ ಒಂದು ಜಿಬಿಯ ರೂ. 249ರ ಪ್ಲಾನನ್ನು ಜಿಯೋದವರು ತಮ್ಮ ಆ್ಯಪಿನ ಪಟ್ಟಿಯಿಂದ ತೆಗೆದರು. ಏರ್‌ಟೆಲ್‌ನವರೂ ತಮ್ಮ ರೂ. 249ರ ಪ್ಲಾನನ್ನು ನಿಲ್ಲಿಸಿದರು. ದಿನದ ಪಾಲು ಬೇಕೆನ್ನುವವನಿಗೆ ಜಿಯೋದಲ್ಲಿ ರೂ. 299ರ, ದಿನಕ್ಕೆ ಒಂದೂವರೆ ಜಿಬಿಯ ಪ್ಲಾನೇ ಮೊದಲ ಮೆಟ್ಟಿಲಾಯಿತು. ಇದೇ ಪ್ಲಾನಿನ ಬೆಲೆ 2024ರ ಜುಲೈಗೆ ಮೊದಲು ರೂ. 239 ಇತ್ತೆಂಬುದನ್ನೂ ಮರೆಯಬಾರದು. ಐದನೆಯ ತಲೆಮಾರಿನ ಜಾಲವನ್ನು ಅಳತೆಯಿಲ್ಲದೆ ಬಳಸುವ ಸೌಕರ್ಯವು ಅದುವರೆಗೆ ಆ ರೂ. 239ಕ್ಕೇ ದೊರೆಯುತ್ತಿತ್ತು, ಆ ಜುಲೈಯಿಂದ ಅದು ದಿನಕ್ಕೆ ಎರಡು ಜಿಬಿಯ ಪ್ಲಾನುಗಳಿಗೆ, ಎಂದರೆ ರೂ. 349ಕ್ಕೆ, ಏರಿ ಕುಳಿತಿತು.

ಈ ಪದ್ಧತಿಯು ಯಾರಿಗೆ ಹೇಗೆ ತಗಲುವುದೆಂಬುದನ್ನು ತಿಳಿಯಬೇಕಾದವರು ದಿಲ್ಲಿಗೂ ಮುಂಬಯಿಗೂ ಹೋಗಬೇಕಾಗಿಲ್ಲ. ನಮ್ಮ ಬಂದರಿನ ದಕ್ಕೆಗೆ ಹೋದರೆ ಸಾಕು. ಆಳಸಮುದ್ರಕ್ಕೆ ಹೋಗುವ ಟ್ರಾಲ್‌ಬೋಟು ಒಮ್ಮೆ ದಕ್ಕೆ ಬಿಟ್ಟರೆ ಎಂಟು ಹತ್ತು ದಿನ ಮರಳುವುದಿಲ್ಲ. ದಡ ಮರೆಯಾದ ಬಳಿಕ ತಾಂಡೇಲನ ಫೋನೂ ಕಲಾಸಿಗಳ ಫೋನೂ ಬರಿಯ ಗಡಿಯಾರಗಳು. ಬೋಟು ಹಿಂದೆ ಬಂದು ಮೀನು ಇಳಿಸಿ, ಮಂಜುಗಡ್ಡೆಯನ್ನೂ ಡೀಸಿಲನ್ನೂ ತುಂಬಿಸಿಕೊಂಡು ಮತ್ತೆ ಹೊರಡುವ ತನಕದ ಎರಡು ಮೂರು ದಿನಗಳಲ್ಲಿಯೇ ಅವರು ಮನೆಯವರ ಮುಖ ನೋಡಬೇಕು, ಹಣ ಕಳುಹಿಸಬೇಕು, ಮಕ್ಕಳೊಡನೆ ಮಾತನಾಡಬೇಕು. ಅವರಲ್ಲಿ ಹಲವರು ಒಡಿಶಾ, ಜಾರ್ಖಂಡ್, ಆಂಧ್ರಗಳಿಂದ ಬಂದವರು. ಅವರಿಗೆ ಫೋನಲ್ಲದೆ ಊರಿಲ್ಲ. ಈಗ ಲೆಕ್ಕ ಹಾಕೋಣ. 28 ದಿನಗಳಲ್ಲಿ ಹತ್ತು ದಿನಗಳ ಎರಡು ಪಯಣ ಮಾಡಿದವನು 20 ದಿನ ನೀರಿನ ಮೇಲಿರುತ್ತಾನೆ. ಅವನು ರೂ. 299 ಕೊಟ್ಟು ಕೊಂಡ 42 ಜಿಬಿಯಲ್ಲಿ 30 ಜಿಬಿ ಒಂದೊಂದು ನಡುರಾತ್ರಿಯೂ ಒಂದೂವರೆಯಂತೆ ಸಮುದ್ರದಲ್ಲಿ ಮುಳುಗಿತು. ರೂಪಾಯಿಯಲ್ಲಿ ಹೇಳುವುದಾದರೆ 213. ದಡಕ್ಕೆ ಬಂದ ದಿನ ಒಂದೂವರೆ ಜಿಬಿ ಮಧ್ಯಾಹ್ನಕ್ಕೇ ತೀರಿದರೆ ಅವನು ಮತ್ತೆ ಕೈಯಿಂದ ಹಣ ಹಾಕಿ ಹೆಚ್ಚುವರಿ ಪ್ಯಾಕು ಕೊಳ್ಳಬೇಕು. ಅವನ ಬಳಕೆಯನ್ನು ಅನುಸರಿಸಿ ರಚಿಸಿದ ದರವೆಂದು ಇದನ್ನು ಯಾವ ಬಾಯಿಂದ ಹೇಳುವುದು?

ಅಕ್ಕಿಯಂಗಡಿಯವನು ತಿಂಗಳ ಹಣವನ್ನು ಮೊದಲೇ ಪಡೆದು, ದಿನಕ್ಕೆ ಒಂದೂವರೆ ಸೇರು ಅಕ್ಕಿ ಅಳೆದುಕೊಟ್ಟು, ನೆಂಟರ ಮನೆಗೆ ಹೋದ ದಿನ ಬೇಯಿಸದೆ ಉಳಿದುದನ್ನು ರಾತ್ರಿ ಬಂದು ಹಿಂದಕ್ಕೆ ಒಯ್ದರೆ ನಾವು ಸುಮ್ಮನಿರುತ್ತಿದ್ದೆವೇ? ಕಂಪೆನಿಗಳ ಪಕ್ಷದವರು ಈ ಹೋಲಿಕೆಯನ್ನು ಒಪ್ಪಲಾರರು. ಡೇಟಾ ಅಕ್ಕಿಯಲ್ಲ, ಕಣಜದಲ್ಲಿ ಕೂಡಿಡುವ ವಸ್ತುವಲ್ಲ. ಅದು ಬಸ್ಸಿನ ಖಾಲಿ ಸೀಟಿನಂತೆ, ಆ ಹೊತ್ತು ಕಳೆದರೆ ಅದರ ಬೆಲೆಯೂ ಕಳೆಯಿತು ಎನ್ನುವರು. ಈ ಮಾತಿನಲ್ಲಿ ಸತ್ಯಾಂಶವಿದೆಯೆಂದು ನಾವು ಒಪ್ಪುತ್ತೇವೆ. ಆದರೆ ಬಸ್ಸಿನ ನ್ಯಾಯವನ್ನೇ ಹಿಡಿಯುವುದಾದರೆ ನೂಕುನುಗ್ಗಲಿನ ಹೊತ್ತಿಗೂ ಖಾಲಿ ಹೊತ್ತಿಗೂ ದರದಲ್ಲಿ ಭೇದವಿರಬೇಕಷ್ಟೆ. ದಿನದ ಪಾಲಿಗೆ ಆ ವಿವೇಕವಿಲ್ಲ. ರಾತ್ರಿ ಒಂಬತ್ತಕ್ಕೆ ಬಳಸಿದ ಜಿಬಿಯನ್ನೂ ಬೆಳಗಿನ ನಾಲ್ಕಕ್ಕೆ ಬಳಸಿದ ಜಿಬಿಯನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಇನ್ನು, ಬಾಡುವ ಸರಕಿನ ವ್ಯಾಪಾರವೇನೆಂಬುದನ್ನು ಕಾರ್‌ಸ್ಟ್ರೀಟಿನ ಹೂವಿನವರನ್ನು ಕೇಳಿದರೆ ಅವರು ಕಲಿಸಿಕೊಟ್ಟಾರು. ಮಲ್ಲಿಗೆಯೂ ರಾತ್ರಿಗೆ ಬಾಡುತ್ತದೆ. ಮಾರಾಟವಾಗದೆ ಬಾಡಿದ ಚೆಂಡಿನ ನಷ್ಟ ಹೂವಿನವಳದು. ಅದಕ್ಕಾಗಿಯೇ ಅವಳು ಸಂಜೆ ಕತ್ತಲಾದೊಡನೆ ದರ ಇಳಿಸುವಳು. ಡೇಟಾ ಬಾಡುವುದು ಮಾರುವವನ ಬುಟ್ಟಿಯಲ್ಲಲ್ಲ, ಹಣ ಕೊಟ್ಟವನ ಕೈಯಲ್ಲಿ.

ದಿನದ ಪಾಲಿನಿಂದ ಒಂದು ಉಪಕಾರವೂ ಉಂಟೆಂಬುದನ್ನು ನಾವು ಮರೆಮಾಚುವುದಿಲ್ಲ. ತಿಂಗಳ ಮೊತ್ತವನ್ನು ಒಮ್ಮೆಲೆ ಕೈಗಿತ್ತರೆ ಮೊದಲ ವಾರದಲ್ಲಿಯೇ ಅದನ್ನು ಮುಗಿಸಿ ಉಳಿದ ಮೂರು ವಾರ ಪರದಾಡುವ ಮನೆಗಳಿವೆ. 2020ರಲ್ಲಿಯೂ 2021ರಲ್ಲಿಯೂ ಶಾಲೆಗಳು ಮುಚ್ಚಿ ಪಾಠವೆಲ್ಲ ಫೋನಿಗೆ ಬಂದಾಗ, ದಿನವೂ ಹೊಸ ಪಾಲು ಬರುವುದೆಂಬ ಭರವಸೆ ಎಷ್ಟೋ ತಾಯಂದಿರಿಗೆ ಧೈರ್ಯ ಕೊಟ್ಟಿತು. (ಸುಳ್ಯ ತಾಲೂಕಿನಲ್ಲಿ ತಂದೆಯೊಬ್ಬರು ಮಳೆಯಲ್ಲಿ ರಸ್ತೆಯ ಬದಿಗೆ ನಿಂತು, ಸಿಗ್ನಲ್ ಹುಡುಕಿ ಬಂದು ಪಾಠ ಕೇಳುತ್ತಿದ್ದ ಮಗಳಿಗೆ ಕೊಡೆ ಹಿಡಿದ ಚಿತ್ರವು 2021ರ ಜೂನಿನಲ್ಲಿ ದೇಶವೆಲ್ಲ ಸುತ್ತಿತು, ಪಾಲು ಇದ್ದರೂ ಟವರು ಇಲ್ಲದವರ ಸಂಕಟ ಬೇರೆಯೇ.) ದಿನವೂ ಎರಡು ಜಿಬಿಯನ್ನು ಸಂಪೂರ್ಣವಾಗಿ ಬಳಸುವ ನಮ್ಮ ಹಾಸ್ಟೆಲುಗಳ ವಿದ್ಯಾರ್ಥಿಗಳಿಗೆ ಈ ದರವು ಅಗ್ಗವೇ. ಅವರಿಗೆ ಇದು ಇರಲಿ. ನಮ್ಮ ಆಕ್ಷೇಪಣೆ ಇದು ಇರುವುದಕ್ಕಲ್ಲ, ಇದನ್ನು ಬಿಟ್ಟು ಬೇರೊಂದು ಇರದಂತೆ ಆಗುತ್ತಿರುವುದಕ್ಕೆ.

ಬೇರೊಂದು ಇಲ್ಲವೇ ಎಂದರೆ, ಇದೆ. ಅದರ ಬೆಲೆಯನ್ನು ನೋಡಬೇಕು. 28 ದಿನಗಳಿಗೆ ಒಟ್ಟು ಎರಡು ಜಿಬಿಯ ಸಣ್ಣ ಪ್ಯಾಕಿಗೆ 2024ರ ಜುಲೈಯಲ್ಲಿ ಜಿಯೋದವರು ರೂ. 155ರ ಬದಲು ರೂ. 189 ಎಂದೂ ಏರ್‌ಟೆಲ್‌ನವರು ರೂ. 179ರ ಬದಲು ರೂ. 199 ಎಂದೂ ಗೊತ್ತುಮಾಡಿದರು. ರೂ. 189ರ ಪ್ಯಾಕಿನಲ್ಲಿ ಒಂದು ಜಿಬಿಗೆ ತೊಂಬತ್ತನಾಲ್ಕೂವರೆ ರೂಪಾಯಿ ಬಿದ್ದಿತು, ರೂ. 299ರ ಪ್ಯಾಕಿನಲ್ಲಿ ಏಳು ರೂಪಾಯಿಗೆ ಸ್ವಲ್ಪ ಮೇಲೆ. ಎರಡರಲ್ಲಿಯೂ ಕರೆಗಳ ಸೌಕರ್ಯ ಸೇರಿದೆಯೆಂಬುದು ನಿಜ. ಕರೆಯ ಬೆಲೆಯನ್ನು ಕಳೆದು ನೋಡಿದರೆ ಅಂತರವು ಇಷ್ಟು ಭಯಂಕರವಾಗಿ ಕಾಣದು. ಆದರೂ ತಿಂಗಳಿಗೆ ಐದಾರು ಜಿಬಿ ಬೇಕಾದವನ ಗತಿಯೇನು? ಕಾರ್‌ಸ್ಟ್ರೀಟಿನ ಅದೇ ಹೂವಿನವಳು ಗಿರಾಕಿಯ ಹಣ ಬಂದಿತೋ ಎಂದು ಯುಪಿಐಯಲ್ಲಿ ನೋಡಿಕೊಳ್ಳಲು ಬಳಸುವ ಡೇಟಾ ಅತ್ಯಲ್ಪ. ರಾತ್ರಿ ಒಂದು ಗಳಿಗೆ ಮೊಮ್ಮಗುವಿನ ಮುಖ ನೋಡುವಳು. ಅವಳಿಗೆ ಎರಡು ಜಿಬಿ ಸಾಲದು, ನಲವತ್ತೆರಡು ಬೇಡ. ನಡುವೆ ಅವಳಿಗೆ ಒಪ್ಪುವ ಮೆಟ್ಟಿಲನ್ನು ಇಡುವ ಮನಸ್ಸು ಯಾರಿಗೂ ಇದ್ದಂತಿಲ್ಲ. ದೊಡ್ಡವನಿಗೆ ಸೋವಿ, ಸಣ್ಣವನಿಗೆ ತುಟ್ಟಿ ಎಂಬುದು ಸಗಟು ವ್ಯಾಪಾರದ ಹಳೆಯ ನಿಯಮವೆಂದು ಕೆಲವರು ಹೇಳುವರು. ಅಲ್ಲಿ ಸಣ್ಣವನು ತನಗೆ ಬೇಕಾದಷ್ಟನ್ನು ಕೊಳ್ಳಲು ಸ್ವತಂತ್ರನು. ಇಲ್ಲಿ ಅವನನ್ನು ಸಗಟಿನವನಾಗುವಂತೆ ನೂಕಲಾಗುತ್ತಿದೆ.

ಡೇಟಾವೇ ಬೇಡದವರ ಸಂಗತಿಯನ್ನೂ ಒಂದೆರಡು ಮಾತಿನಲ್ಲಿ ಹೇಳಬೇಕು. ನಮ್ಮ ಜಿಲ್ಲೆಯ ಬೀಡಿ ಕಟ್ಟುವ ಹೆಂಗಸರಲ್ಲಿಯೂ ವೃದ್ಧರಲ್ಲಿಯೂ ಗುಂಡಿಯ ಫೋನನ್ನು ಇಟ್ಟುಕೊಂಡವರು ಇನ್ನೂ ಇದ್ದಾರೆ. ಅವರೂ ಡೇಟಾ ಸೇರಿದ ಪ್ಯಾಕುಗಳನ್ನೇ ಕೊಳ್ಳುವಂತಾಗಿತ್ತು. 2024ರ ಡಿಸೆಂಬರಿನಲ್ಲಿ ಟ್ರಾಯ್‌ನವರು ಕರೆ ಮತ್ತು ಎಸ್‌ಎಂಎಸ್‌ಗಳಿಗೆ ಮಾತ್ರ ಸಂಬಂಧಿಸಿದ ಒಂದಾದರೂ ವೋಚರನ್ನು ಪ್ರತಿಯೊಂದು ಕಂಪೆನಿಯೂ ಇಡಬೇಕೆಂದು ವಿಧಿಸಿ, ಅಂತಹ ವೋಚರುಗಳ ಅವಧಿಯನ್ನು 90 ದಿನಗಳಿಂದ 365 ದಿನಗಳಿಗೆ ವಿಸ್ತರಿಸಿದರು. 2025ರ ಜನವರಿಯಲ್ಲಿ ಕಂಪೆನಿಗಳು ಅದನ್ನು ಪಾಲಿಸಿದ ರೀತಿ ನೋಡತಕ್ಕದ್ದು. ಏರ್‌ಟೆಲ್‌ನ 84 ದಿನಗಳ ರೂ. 509ರ ಪ್ಯಾಕಿನಿಂದ ಡೇಟಾವನ್ನು ತೆಗೆದು ರೂ. 499 ಎನ್ನಲಾಯಿತು, ಟ್ರಾಯ್‌ನವರು ದರಗಳನ್ನು ಪರಿಶೀಲಿಸುವೆವೆಂದ ಬಳಿಕ ಅದು ರೂ. 469ಕ್ಕೆ ಇಳಿಯಿತು. ಜಿಯೋದ ಅಂತಹ ಪ್ಯಾಕೂ ಮೊದಲು ರೂ. 458 ಇದ್ದುದು ರೂ. 448 ಆಯಿತು. ಅಧಿಕಾರಿಗಳ ಒಂದು ಮಾತಿಗೆ ವಾರದೊಳಗೆ ಇಳಿಯಬಲ್ಲ ದರವು ಅದಕ್ಕೆ ಮೊದಲು ಯಾವ ಲೆಕ್ಕದ ಮೇಲೆ ನಿಂತಿತ್ತೆಂದು ಕೇಳುವುದು ತಪ್ಪಾಗಲಾರದು.

ಕಂಪೆನಿಗಳು ಬಳಕೆಯನ್ನು ಅನುಸರಿಸುತ್ತೇವೆಂದು ಹೊರಟು ದಾರಿ ತಪ್ಪಿದ ಇನ್ನೊಂದು ಪ್ರಸಂಗವು ನಮ್ಮ ಕರಾವಳಿಯವರಿಗೆ ಮುಖ್ಯವಾದುದು. 2014ರ ಡಿಸೆಂಬರಿನಲ್ಲಿ ಏರ್‌ಟೆಲ್‌ನವರು ಅಂತರಜಾಲದ ಮೂಲಕ ಮಾಡುವ ಕರೆಗಳಿಗೆ ಪ್ರತ್ಯೇಕ ದರ ವಿಧಿಸುವೆವೆಂದು ಸಾರಿದರು. ಗಲ್ಫಿನಲ್ಲಿ ಮಕ್ಕಳಿರುವ ಮನೆಗಳಿಗೆ ಅದರ ಅರ್ಥವೇನೆಂಬುದನ್ನು ವಿವರಿಸಬೇಕಾಗಿಲ್ಲ. ಪ್ರತಿಭಟನೆಯೆದ್ದು ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. 2015ರಲ್ಲಿ ಟ್ರಾಯ್‌ನವರು ಅಭಿಪ್ರಾಯ ಕೇಳಿದಾಗ ಹತ್ತು ಲಕ್ಷಕ್ಕೂ ಮಿಕ್ಕಿ ಮಿಂಚಂಚೆಗಳು ಹೋದವು. 2016ರ ಫೆಬ್ರವರಿ 8ರಂದು, ಜನರು ಡೇಟಾದಿಂದ ಏನು ಮಾಡುವರೆಂಬುದನ್ನು ನೋಡಿ ದರದಲ್ಲಿ ಭೇದವೆಣಿಸಕೂಡದೆಂಬ ನಿಯಮವು ಹೊರಬಿದ್ದಿತು. ಜನರ ಕೂಗು ವ್ಯರ್ಥವಾಗುವುದಿಲ್ಲವೆಂಬುದಕ್ಕೆ ಈ ನಿಯಮವೇ ನಿದರ್ಶನ. ಏನು ಬಳಸುವರೆಂಬುದರ ಮೇಲೆ ಕೈಯಿಡಲಾಗದೆ ಹೋದವರು ಎಷ್ಟು ಬಳಸುವರು, ಯಾವ ದಿನ ಬಳಸುವರು ಎಂಬುದರ ಮೇಲೆ ಕೈಯಿಟ್ಟಿದ್ದಾರೆ.

ಯಾವ ದಿನ ಎಂಬುದು ಯಾವಾಗಲೂ ಗ್ರಾಹಕನ ಕೈಯಲ್ಲಿರುವುದಿಲ್ಲ. 2019ರ ಡಿಸೆಂಬರ್ 19ರ ರಾತ್ರಿಯಿಂದ ಸರಕಾರದ ಆಜ್ಞೆಯ ಮೇರೆಗೆ ಮಂಗಳೂರಿನಲ್ಲಿಯೂ ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೂ ಮೊಬೈಲ್ ಅಂತರಜಾಲವನ್ನು 48 ಗಂಟೆಗಳ ಕಾಲ ನಿಲ್ಲಿಸಲಾಗಿತ್ತು. ಆ ಆಜ್ಞೆಯ ಯುಕ್ತಾಯುಕ್ತತೆ ಇಂದಿನ ವಿಷಯವಲ್ಲ. ತಿಂಗಳ ಮೊತ್ತ ಕೊಂಡವನಿಗೆ ಅವನ ಡೇಟಾ ಅಂತಹ ಸಮಯದಲ್ಲಿ ಹಾಗೆಯೇ ಉಳಿಯುತ್ತದೆ. ದಿನದ ಪಾಲಿನವನಿಗೆ ಅದು ಅಂದಂದೇ ಮಡಿಯುವುದು ಈ ಪದ್ಧತಿಯ ಸ್ವಭಾವ. ಜಾಲವಿಲ್ಲದಿದ್ದರೂ ಗಡಿಯಾರ ನಡೆಯುತ್ತಲೇ ಇರುತ್ತದೆ.

ಕಂಪೆನಿಗಳ ಕಷ್ಟವನ್ನು ನಾವು ಅರಿಯದವರಲ್ಲ. 2022ರ ತರಂಗಾಂತರ ಹರಾಜಿನಲ್ಲಿ ಒಂದೂವರೆ ಲಕ್ಷ ಕೋಟಿ ರೂಪಾಯಿಗಳ ಬಿಡ್ ಆಯಿತು. ಆ ಹಣ ಕಟ್ಟುವವರು ಕೊನೆಗೆ ನಾವೇ. ಹಿಂದಿನ ಹಲವು ಕಂಪೆನಿಗಳು ಮಣ್ಣುಮುಕ್ಕಿ, ಆಟದಲ್ಲಿ ಉಳಿದ ಖಾಸಗಿಯವರು ಮೂವರೇ. ನಮ್ಮ ದರಗಳು ಲೋಕದ ಇತರ ದೇಶಗಳಿಗಿಂತ ಅಗ್ಗವೆಂಬ ಮಾತೂ ಸುಳ್ಳಲ್ಲ. ದರವನ್ನು ಏರಿಸಲೇಬಾರದೆಂದು ನಾವು ಹೇಳುವುದಿಲ್ಲ. 2019ರ ಡಿಸೆಂಬರು, 2021ರ ವರ್ಷಾಂತ್ಯ, 2024ರ ಜುಲೈ, ಈ ಮೂರು ಸಲವೂ ಕಂಪೆನಿಗಳು ಕೆಲವು ದಿನಗಳ ಅಂತರದಲ್ಲಿ ಒಂದರ ಹಿಂದೊಂದಾಗಿ ದರವೇರಿಸಿದುದನ್ನು ಮಾತ್ರ ನೆನಪಿಸುತ್ತೇವೆ. 2024ರ ಜುಲೈಯಲ್ಲಿ ದರವೇರಿಸದಿದ್ದ ಬಿಎಸ್‌ಎನ್‌ಎಲ್‌ಗೆ ಒಂದೇ ತಿಂಗಳಲ್ಲಿ ಸುಮಾರು 29 ಲಕ್ಷ ಗ್ರಾಹಕರು ಹೆಚ್ಚಿದರು. ಹೋಗಲು ಇನ್ನೊಂದು ಬಾಗಿಲಿದ್ದರೆ ಜನರು ಹೋಗುವರು. ಆ ಬಾಗಿಲಿನಾಚೆ ಸಿಗ್ನಲ್ ಚೆನ್ನಾಗಿರಬೇಕೆಂಬುದು ಬೇರೆ ಮಾತು. 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಗೊಂಡ ಅದರ ಸ್ವದೇಶಿ 4ಜಿಯು ಘಟ್ಟದ ಬುಡದ ನಮ್ಮ ಊರುಗಳಲ್ಲಿ ತನ್ನ ಶಕ್ತಿಯನ್ನು ತೋರಿಸಬೇಕಾಗಿದೆ.

ಮೆಸ್ಕಾಂನವರು ವಿದ್ಯುತ್ತಿನ ದರವನ್ನು ಒಂದು ಪೈಸೆಯಷ್ಟು ಏರಿಸಬೇಕಾದರೂ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಎದುರು ಅರ್ಜಿ ಹಾಕಬೇಕು. ಆಯೋಗದವರು ಮಂಗಳೂರಿಗೆ ಬಂದು ಬಹಿರಂಗ ವಿಚಾರಣೆ ನಡೆಸುವರು. ಕೃಷಿಕನೂ ಮಂಜುಗಡ್ಡೆಯ ಕಾರ್ಖಾನೆಯವನೂ ಎದ್ದು ನಿಂತು ಆಕ್ಷೇಪಿಸಬಹುದು. ಡೇಟಾದ ದರಕ್ಕೆ ಅಂತಹ ವಿಚಾರಣೆಯಿಲ್ಲ. ದರಗಳನ್ನು ಕಂಪೆನಿಗಳ ಇಷ್ಟಕ್ಕೆ ಬಿಟ್ಟುಕೊಡುವ ನೀತಿಯನ್ನು ಟ್ರಾಯ್ ಬಹುಕಾಲದಿಂದ ನಡೆಸಿಕೊಂಡು ಬಂದಿದೆ. ಹೊಸ ದರವನ್ನು ಜಾರಿಗೆ ತಂದು ಏಳು ಕೆಲಸದ ದಿನಗಳೊಳಗೆ ವರದಿ ಮಾಡಿದರೆ ಸಾಕು. ಪೈಪೋಟಿ ಬಿರುಸಾಗಿದ್ದ ಕಾಲಕ್ಕೆ ಈ ನೀತಿ ಸರಿಯಾಗಿತ್ತು. ಅದು ತಗ್ಗಿದ ಮೇಲೂ ಅದನ್ನೇ ಹಿಡಿದು ಕೂರುವುದು ವಿವೇಕವಲ್ಲ. ಬೇಕೆಂದಾಗ ಟ್ರಾಯ್ ಕೈಹಾಕಬಲ್ಲದೆಂಬುದನ್ನೂ ಕಂಡಿದ್ದೇವೆ. 28 ದಿನಗಳ ತಿಂಗಳನ್ನು ಸೃಷ್ಟಿಸಿ ವರ್ಷಕ್ಕೆ ಹದಿಮೂರು ಸಲ ರೀಚಾರ್ಜ್ ಮಾಡಿಸುತ್ತಿದ್ದುದಕ್ಕೆ 2022ರ ಜನವರಿಯಲ್ಲಿ ಅದು ತಡೆ ಹಾಕಿ, 30 ದಿನಗಳ ಒಂದು ಪ್ಲಾನನ್ನೂ ಪ್ರತಿ ತಿಂಗಳು ಅದೇ ತಾರೀಕಿಗೆ ನವೀಕರಿಸುವ ಇನ್ನೊಂದನ್ನೂ ಕಡ್ಡಾಯ ಮಾಡಿತು. ಆ ಪ್ಲಾನುಗಳನ್ನು ದರಪಟ್ಟಿಯ ಯಾವ ಮೂಲೆಯಲ್ಲಿ ಇಟ್ಟಿರುವರೆಂದು ಹುಡುಕುವ ಶ್ರಮ ಮಾತ್ರ ಗ್ರಾಹಕನದು.

ಅದೇ ರೀತಿಯಲ್ಲಿ, ಉಳಿದ ದಿನದ ಪಾಲು ಪ್ಯಾಕಿನ ಅವಧಿ ಮುಗಿಯುವ ತನಕ ಜೀವದಿಂದಿರುವ ಒಂದಾದರೂ ಪ್ಲಾನನ್ನು ಪ್ರತಿಯೊಂದು ಕಂಪೆನಿಯೂ ನ್ಯಾಯವಾದ ಬೆಲೆಗೆ ಇಡತಕ್ಕದ್ದೆಂದು ವಿಧಿಸಬೇಕೆಂಬುದು ನಮ್ಮ ಬೇಡಿಕೆ. ಇದು ಸಾಧ್ಯವಲ್ಲದ ಕೆಲಸವೆಂದು ಯಾರೂ ಹೇಳಲಾರರು. ವಾರದಲ್ಲಿ ಉಳಿದ ಡೇಟಾವನ್ನು ಶನಿವಾರ ಭಾನುವಾರಗಳಿಗೆ ಒಯ್ಯುವ ಸೌಕರ್ಯವನ್ನು ವಿ ಕಂಪೆನಿಯವರು 2020ರಲ್ಲಿಯೇ ಕೊಟ್ಟಿದ್ದರು. ಏರ್‌ಟೆಲ್‌ನವರು ತಿಂಗಳ ಕೊನೆಗೆ ಹಣ ಕಟ್ಟುವ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಉಳಿದುದನ್ನು ಮುಂದಿನ ತಿಂಗಳಿಗೆ ಒಯ್ಯಲು 2017ರಲ್ಲಿಯೇ ಬಿಟ್ಟಿದ್ದರು. ಸಂಬಳದಾರನಿಗೆ ಕೊಡಲಾದುದನ್ನು ಕಲಾಸಿಗೆ ಕೊಡಲಾಗದೆ? ಇದರ ಜೊತೆಗೆ, ಮಾರಿದ ಡೇಟಾದಲ್ಲಿ ಎಷ್ಟು ಪಾಲು ಬಳಕೆಯಾಗದೆ ಮಡಿಯಿತೆಂಬ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸುವಂತೆಯೂ ಕಟ್ಟುಮಾಡಬೇಕು. 2024ರ ಸರಾಸರಿ ಬಳಕೆ ಇಪ್ಪತ್ತು ಜಿಬಿಯ ಸುಮಾರಿಗಿದ್ದು, 2025ರ ಆಗಸ್ಟಿನಲ್ಲಿ ಉಳಿದ ದಿನದ ಪಾಲಿನ ಮೊದಲ ಮೆಟ್ಟಿಲೇ ನಲವತ್ತೆರಡು ಜಿಬಿಯದಾಗಿರುವಾಗ, ಈ ಲೆಕ್ಕವು ಹೊರಬಂದರೆ ಬಳಕೆಯನ್ನು ದರ ಅನುಸರಿಸಿತೋ ಇಲ್ಲವೋ ಎಂಬ ಚರ್ಚೆಗೆ ಬೇರೆ ವಾದವೇ ಬೇಕಾಗದು.

ಟ್ರಾಯ್‌ನವರು ಆಗಾಗ ಅಭಿಪ್ರಾಯಪತ್ರಗಳನ್ನು ಹೊರಡಿಸಿ ಸಾರ್ವಜನಿಕರ ಉತ್ತರ ಕೇಳುವುದುಂಟು. ಅವಕ್ಕೆ ಉತ್ತರ ಬರೆಯುವವರು ಹೆಚ್ಚಾಗಿ ಕಂಪೆನಿಗಳ ವಕೀಲರು. ನಮ್ಮ ಮೀನುಗಾರರ ಸಂಘಗಳೂ ವರ್ತಕ ಸಂಘಗಳೂ ಗ್ರಾಹಕರ ವೇದಿಕೆಗಳೂ ತಂತಮ್ಮ ಸದಸ್ಯರ ಲೆಕ್ಕವನ್ನು ತೆಗೆದು, ಎಷ್ಟು ಕೊಂಡೆವು, ಎಷ್ಟು ಬಳಸಿದೆವು, ಎಷ್ಟು ಮಡಿಯಿತು ಎಂಬುದನ್ನು ದಿನಾಂಕ ಸಹಿತ ಬರೆದು ಕಳುಹಿಸಬೇಕು. ನಮ್ಮ ಲೋಕಸಭಾ ಸದಸ್ಯರು ಅದನ್ನು ಸಭೆಯಲ್ಲಿ ಕೇಳಬೇಕು. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧವಿದ್ದು ದಕ್ಕೆಯಲ್ಲಿ ಬೋಟುಗಳು ಕಟ್ಟಿ ನಿಲ್ಲುವ ಎರಡು ತಿಂಗಳು ಈ ಲೆಕ್ಕ ಬರೆಯಲು ತಕ್ಕ ಸಮಯ. ಆಗಸ್ಟಿನಲ್ಲಿ ಮೊದಲ ಬೋಟು ಅಳಿವೆ ದಾಟುವ ಮುನ್ನ ಅದು ದಿಲ್ಲಿಯ ಮೇಜಿನ ಮೇಲಿರಲಿ.